ಗೋಡೆಯ ಮೇಲಿನ ಗೆರೆಗಳು

ರಬಕವಿ-ಬನಹಟ್ಟಿಯ ನೇಕಾರರ ಓಣಿಗಳಲ್ಲಿ ಬಣ್ಣಕ್ಕೆ ಬರವಿಲ್ಲ. ಕೆಂಪು, ಹಸಿರು, ಹಳದಿ ನೂಲುಗಳು ಮಕ್ಕಳ ಕಣ್ಣೆದುರೇ ಸೀರೆಯಾಗಿ ಇಳಿದು ಬರುತ್ತವೆ. ಜಮಖಂಡಿ, ಮುಧೋಳ, ಬೀಳಗಿಗಳಲ್ಲಿ ಬೆಳಗಾಯಿತೆಂದರೆ ಮನೆಯ ಮುಂದೆ ರಂಗೋಲಿ ಮೂಡುತ್ತದೆ. ಇಂಥ ನಾಡಿನ ಮಗುವಿಗೆ ಚಿತ್ರ ಬರೆಯುವ ಆಸೆಯನ್ನು ಯಾರೂ ಕಲಿಸಬೇಕಾಗಿಲ್ಲ. ಆದರೆ ಅದೇ ಮಗು ಇದ್ದಿಲ ಚೂರೊಂದನ್ನು ಹಿಡಿದು ಗೋಡೆಯ ಮೇಲೆ ನಾಲ್ಕು ಗೆರೆ ಎಳೆದರೆ, “ಗೋಡಿ ಯಾಕ ಹೊಲಸ ಮಾಡ್ತೀ?” ಎಂಬ ಗದರಿಕೆ ಕೇಳಬೇಕಾಗುತ್ತದೆ. ಶಾಲೆಗೆ ಸೇರುವ ಹೊತ್ತಿಗೆ ಎಷ್ಟೋ ಮಕ್ಕಳು “ನನಗ ಬರೂದಿಲ್ಲ, ನೀನs ತಗದು ಕೊಡು” ಎನ್ನತೊಡಗುತ್ತವೆ. ಆಸೆ ಹೋಗಿ ಅಂಜಿಕೆ ಬಂದದ್ದು ಹೇಗೆ?

ಗೀಚಿಗೂ ಒಂದು ಕ್ರಮವುಂಟು

ಎಳೆಯ ಮಗುವಿನ ಗೀಚು ಅರ್ಥವಿಲ್ಲದ ಆಟವೆಂದು ಹಿರಿಯರು ಬಗೆಯುತ್ತಾರೆ. ಆದರೆ ಅಮೆರಿಕೆಯ ರೋಡಾ ಕೆಲಾಗ್ ಎಂಬ ಶಿಶುಶಿಕ್ಷಕಿ ಲಕ್ಷಗಟ್ಟಲೆ ಮಕ್ಕಳ ಚಿತ್ರಗಳನ್ನು ಕೂಡಿಹಾಕಿ ನೋಡಿ, ಆ ಗೀಚಿನಲ್ಲಿ 20 ಮೂಲರೂಪಗಳನ್ನು ಗುರುತಿಸಿದರು. ಮೊದಲು ಅತ್ತಿತ್ತ ಓಡುವ ಗೆರೆ, ಆಮೇಲೆ ಸುತ್ತು, ಸುಮಾರು ಮೂರು ವರ್ಷಕ್ಕೆ ಎರಡು ತುದಿಗಳೂ ಕೂಡಿದ ವೃತ್ತ. ಆ ವೃತ್ತಕ್ಕೆ ಎರಡು ಕಣ್ಣು ಬಂದು, ತಲೆಯಿಂದಲೇ ಎರಡು ಕಾಲು ಇಳಿದರೆ ಅದು ಅಪ್ಪ, ಅವ್ವ ಅಥವಾ ಅಜ್ಜಿ! ಹೊಟ್ಟೆಯಿಲ್ಲದ ಈ ಮನುಷ್ಯನನ್ನು ಕಂಡು ನಗುವ ಕಾರಣವಿಲ್ಲ. ಮಗು ತಾನು ಕಂಡದ್ದಕ್ಕಿಂತ ಹೆಚ್ಚಾಗಿ ತಾನು ಬಲ್ಲದ್ದನ್ನು ಬರೆಯುತ್ತದೆಂದು ಫ್ರಾನ್ಸಿನ ಲ್ಯೂಕೆ 1927ರಲ್ಲಿಯೇ ತೋರಿಸಿದ್ದರು. ಆದುದರಿಂದಲೇ ಪಕ್ಕದಿಂದ ಕಾಣುವ ಬಂಡಿಗೂ ಎಲ್ಲ ಗಾಲಿಗಳು ಬರುತ್ತವೆ. ಇದನ್ನು ತಪ್ಪೆಂದು ತಿದ್ದುವುದು, ತೊದಲುಮಾತಿಗೆ ವ್ಯಾಕರಣ ಹೇಳಿದಂತೆ.

ಬಹುಮಾನದ ಕೇಡು

ಗದರಿಕೆ ಕೆಟ್ಟದ್ದೆಂದು ಎಲ್ಲರೂ ಒಪ್ಪಿಯಾರು. ಬಹುಮಾನವೂ ಕೆಡಿಸೀತೆಂದರೆ ನಂಬುವವರು ಕಡಮೆ. 1973ರಲ್ಲಿ ಪ್ರಕಟವಾದ ಒಂದು ಪರೀಕ್ಷೆ ಇದನ್ನು ಸ್ಪಷ್ಟಪಡಿಸಿತು. ಲೆಪ್ಪರ್, ಗ್ರೀನ್ ಮತ್ತು ನಿಸ್ಬೆಟ್ ಎಂಬ ಮೂವರು ವಿದ್ವಾಂಸರು ಅಮೆರಿಕೆಯ ಶಿಶುವಿಹಾರವೊಂದರಲ್ಲಿ, ಚಿತ್ರ ಬರೆಯಲು ತಾವಾಗಿಯೇ ಒಲಿದಿದ್ದ ಮಕ್ಕಳನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಚಿತ್ರ ಬರೆದರೆ ಪ್ರಶಸ್ತಿಪತ್ರ ಕೊಡುವುದಾಗಿ ಮೊದಲೇ ಹೇಳಿದರು. ಇನ್ನೊಂದಕ್ಕೆ ಹೇಳದೆ ಕೊನೆಗೆ ಕೊಟ್ಟರು. ಮೂರನೆಯದಕ್ಕೆ ಕೊಡಲೇ ಇಲ್ಲ. ಕೆಲದಿನಗಳ ಮೇಲೆ ಬಣ್ಣದ ಪೆನ್ನುಗಳನ್ನು ಸುಮ್ಮನೆ ಮುಂದಿಟ್ಟಾಗ, ಪ್ರಶಸ್ತಿಯ ಆಸೆಗೆ ಬರೆದಿದ್ದ ಮಕ್ಕಳು ಉಳಿದವರ ಅರ್ಧದಷ್ಟು ಹೊತ್ತು ಮಾತ್ರ ಚಿತ್ರ ಬರೆದರು. ಆಟವಾಗಿದ್ದುದು ಕೂಲಿಯಾಗಿತ್ತು. “ಛಲೋ ತಗದರ ಚಾಕಲೇಟ ಕೊಡ್ತೀನಿ” ಎನ್ನುವ ತಾಯಿತಂದೆಯರು ಇದನ್ನು ನೆನಪಿನಲ್ಲಿಡುವುದು ಒಳ್ಳೆಯದು.

ಮಣ್ಣೆತ್ತು ಕಲಿಸುವ ಪಾಠ

ಇದಕ್ಕೆ ಮದ್ದು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಕಾರಹುಣ್ಣಿಮೆಗೆ ಎತ್ತಿನ ಕೊಂಬುಗಳಿಗೆ ಬಣ್ಣ ಬಳಿಯುವುದನ್ನು ಮಕ್ಕಳು ಬೆರಗಿನಿಂದ ನೋಡುತ್ತಾರೆ. ಹದಿನೈದು ದಿನಗಳಲ್ಲಿ ಮಣ್ಣೆತ್ತಿನ ಅಮಾವಾಸ್ಯೆ ಬರುತ್ತದೆ. ಹಸಿಮಣ್ಣಿನಲ್ಲಿ ಎತ್ತು ಮಾಡುತ್ತಾರೆ. ಆಷಾಢದ ಮಂಗಳವಾರಗಳಲ್ಲಿ ಹೆಣ್ಣುಮಕ್ಕಳು ಮಣ್ಣಿನ ಗುಳ್ಳವ್ವನನ್ನು ಮಾಡುತ್ತಾರೆ. ಕೊಂಬು ಸೊಟ್ಟಾದ ಎತ್ತಿಗೂ ಕುಂಕುಮ ಏರುತ್ತದೆ, ಆರತಿ ನಡೆಯುತ್ತದೆ. ಅಂಕಗಳಿಲ್ಲ, ಮೊದಲನೆಯವನು ಕಡೆಯವನು ಎಂಬುದಿಲ್ಲ. ಹಬ್ಬ ತೋರುವ ಈ ಔದಾರ್ಯವನ್ನು ವರ್ಷದ ಉಳಿದ ದಿನಗಳಲ್ಲಿಯೂ ಮನೆಯವರು ತೋರಿದರೆ ಸಾಕು.

ಮನೆಯಲ್ಲಿ ಮಾಡಬೇಕಾದುದೇನು?

ದುಬಾರಿಯ ಸಾಮಾನು ಬೇಡ. ಮುಷ್ಟಿಯಲ್ಲಿ ಹಿಡಿಯಲು ಬರುವಂತಹ ದಪ್ಪನೆಯ ಸೀಮೆಸುಣ್ಣ, ಹಳೆಯ ಪಾಟಿ, ತಿಂಗಳು ಮುಗಿದ ಕ್ಯಾಲೆಂಡರಿನ ಹಿಂಬದಿ, ಕಲಸಿದ ಕೆಮ್ಮಣ್ಣು ಇವೇ ಸಾಕು. ಬೇಸಿಗೆಯಲ್ಲಿ ಒಂದು ಬಟ್ಟಲು ನೀರು, ಒಂದು ಹಳೆಯ ಕುಂಚ ಕೊಟ್ಟು ಕಲ್ಲಿನ ಫರಸಿಯ ಮೇಲೆ ಬರೆಯಲು ಬಿಟ್ಟರೆ, ಬಿಸಿಲೇ ಚಿತ್ರವನ್ನು ಒರಸಿಹಾಕುತ್ತದೆ. ಗದರುವ ಪ್ರಸಂಗವೇ ಬರದು. ನೇಕಾರರ ಮನೆಯಲ್ಲಿ ಕಡಿದುಳಿದ ಬಣ್ಣದ ನೂಲನ್ನು ಕಾಗದಕ್ಕೆ ಅಂಟಿಸಿದರೆ ಅದೂ ಚಿತ್ರವೇ. ಗೋಡೆಯ ಕೆಳಭಾಗದಲ್ಲಿ ಎರಡು ಮೊಳ ಜಾಗಕ್ಕೆ ಕರಿಹಲಗೆಯ ಬಣ್ಣ ಬಳಿದು “ಇದು ನಿಂದು” ಎಂದರೆ ಉಳಿದ ಗೋಡೆ ತಾನಾಗಿಯೇ ಉಳಿಯುತ್ತದೆ.

ಮಾತಿನಲ್ಲಿಯೂ ಎಚ್ಚರ ಬೇಕು. “ಇದೇನಿದು?” ಎಂದರೆ ಮಗು ತಬ್ಬಿಬ್ಬಾಗುತ್ತದೆ, “ಇದರ ಕತಿ ಹೇಳು ನೋಡೋಣು” ಎಂದರೆ ಮುಖ ಅರಳುತ್ತದೆ. “ಎತ್ತು ತಗದು ಕೊಡು” ಎಂದು ಮಗು ಹಟ ಹಿಡಿದಾಗ, ಹಿರಿಯರು ತಾವೇ ಬರೆದು ಕೊಟ್ಟರೆ ಮಗು ತನ್ನ ಗೆರೆಯನ್ನು ಆ ಎತ್ತಿನೊಡನೆ ಹೋಲಿಸಿ ಸೋಲುತ್ತದೆ. ಬದಲಾಗಿ “ಎತ್ತಿಗೆ ಏನೇನು ಇರ್ತಾವ?” ಎಂದು ಕೇಳಬೇಕು. ಕೊಂಬು, ಬಾಲ, ಕೊರಳ ಗಂಟೆ ಒಂದೊಂದಾಗಿ ನೆನಪಾಗಿ ಕಾಗದಕ್ಕೆ ಇಳಿಯುತ್ತವೆ.

ಎಲ್ಲ ಮಕ್ಕಳೂ ಚಿತ್ರಕಾರರಾಗಬೇಕಿಲ್ಲ. ಆದರೆ ತನ್ನ ಕೈಯ ಗೆರೆಯನ್ನು ನಂಬಿದ ಮಗು ಮುಂದೆ ಅಕ್ಷರಕ್ಕೂ ಅಂಜದೆ ಕೈಯಿಡುತ್ತದೆ. ಗೋಡೆಗೆ ಮತ್ತೆ ಸುಣ್ಣ ಬಳಿಯಬಹುದು; ಒಮ್ಮೆ ಕುಗ್ಗಿದ ಮನಸ್ಸಿಗೆ ಬಳಿಯಲು ಯಾವ ಬಣ್ಣವೂ ಅಂಗಡಿಯಲ್ಲಿ ಸಿಗುವುದಿಲ್ಲ.