ಮರಣದ ಭಯವೂ ಒಂದು ಹಾಳೆ ಕಾಗದವೂ

ಮನೆಯ ಹಿರಿಯರು ಮಾತಿನ ನಡುವೆ ‘ನಾನು ಸತ್ತ ಮೇಲೆ’ ಎಂದು ತೊಡಗಿದರೆ ಸಾಕು, ಮಕ್ಕಳು ‘ಬಿಡ್ತು ಅನ್ನಿ’ ಎಂದು ಬಾಯಿ ಮುಚ್ಚಿಸುತ್ತಾರೆ. ಸಾವನ್ನು ಹೇಳದೆ ಹೇಳುವ ಮಾತುಗಳಿಗೆ ಕನ್ನಡದಲ್ಲಿ ಬರವಿಲ್ಲ: ತೀರಿಕೊಂಡರು, ಕಾಲವಾದರು, ದೈವಾಧೀನರಾದರು. ಇವೆಲ್ಲವೂ ಮರಣಾನಂತರದ ಮಾತುಗಳು. ಮರಣಕ್ಕೆ ಮುಂಚಿನ ದಿನಗಳು ಹೇಗಿರಬೇಕೆಂಬ ಮಾತು ಮಾತ್ರ ಮನೆಗಳಲ್ಲಿ ಅಪರೂಪ.

ತಾನಿರುವ ತನಕ ಮರಣವಿಲ್ಲ, ಮರಣ ಬಂದಾಗ ತಾನಿಲ್ಲ, ಆದುದರಿಂದ ಅಂಜಲು ಕಾರಣವಿಲ್ಲ ಎಂದು ವಾದಿಸಿದವನು ಗ್ರೀಕ್ ತತ್ತ್ವಜ್ಞ ಎಪಿಕ್ಯೂರಸ್ (ಕ್ರಿ.ಪೂ. 341–270). ಮರಣದ ಮಟ್ಟಿಗೆ ಈ ವಾದ ಸರಿಯಿರಬಹುದು. ಆದರೆ ಬಹುಮಂದಿ ಅಂಜುವುದು ಸಾಯುವ ದಾರಿಗೆ: ನೋವಿಗೆ, ಪರಾಧೀನತೆಗೆ, ಮಕ್ಕಳ ತಲೆಯ ಮೇಲೆ ಬೀಳುವ ಸಾಲಕ್ಕೆ, ತನ್ನ ಮಾತು ನಡೆಯದ ಸ್ಥಿತಿಗೆ. ಮರಣಕ್ಕೆ ಮದ್ದಿಲ್ಲ, ಈ ಭಯಕ್ಕೆ ತಕ್ಕಮಟ್ಟಿನ ಮದ್ದುಂಟು.

ಉತ್ತರ ಕನ್ನಡದ ಹಳದೀಪುರದವರಾದ ಅರುಣಾ ಶಾನಭಾಗ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ದಾದಿಯಾಗಿದ್ದರು. 1973ರ ನವೆಂಬರ್ 27ರಂದು ನಡೆದ ಕ್ರೂರ ಹಲ್ಲೆಯಲ್ಲಿ ಅವರ ಮಿದುಳಿಗೆ ತೀವ್ರ ಹಾನಿಯಾಯಿತು. ಅಂದಿನಿಂದ 2015ರ ಮೇ 18ರಂದು ಕೊನೆಯುಸಿರೆಳೆಯುವವರೆಗೆ, ಸುಮಾರು 42 ವರ್ಷ, ಅವರು ಅದೇ ಆಸ್ಪತ್ರೆಯ ಹಾಸಿಗೆಯಲ್ಲಿದ್ದರು. ಅವರ ಬದುಕಿಗೆ ಶಾಂತ ಅಂತ್ಯ ದೊರೆಯಲೆಂದು ಲೇಖಕಿ ಪಿಂಕಿ ವಿರಾನಿ ಸುಪ್ರೀಂ ಕೋರ್ಟಿನ ಮೊರೆಹೊಕ್ಕರು. ಅಷ್ಟು ವರ್ಷ ಆರೈಕೆ ಮಾಡಿದ ದಾದಿಯರು ಒಪ್ಪಲಿಲ್ಲ. ಎರಡೂ ಕಡೆ ಕರುಣೆಯಿತ್ತು. ಅರುಣಾ ಅವರ ಇಚ್ಛೆಯೇನೆಂದು ತಿಳಿಯುವ ಮಾರ್ಗ ಮಾತ್ರ ಇರಲಿಲ್ಲ. 2011ರ ಮಾರ್ಚ್ 7ರಂದು ಕೋರ್ಟು ಅರ್ಜಿಯನ್ನು ತಳ್ಳಿಹಾಕಿತು. ಆದರೆ ಇಂಥ ಸ್ಥಿತಿಯಲ್ಲಿ ಜೀವಾಧಾರ ಚಿಕಿತ್ಸೆಯನ್ನು ಹೈಕೋರ್ಟಿನ ಅನುಮತಿಯಿಂದ ನಿಲ್ಲಿಸಬಹುದೆಂಬ ತತ್ತ್ವವನ್ನು ಅಂಗೀಕರಿಸಿತು.

2018ರ ಮಾರ್ಚ್ 9ರಂದು ಐವರು ನ್ಯಾಯಾಧೀಶರ ಪೀಠ ಇನ್ನೊಂದು ಹೆಜ್ಜೆ ಮುಂದಿಟ್ಟಿತು. ಸಂವಿಧಾನದ 21ನೇ ವಿಧಿಯು ನೀಡುವ ಘನತೆಯ ಬದುಕಿನ ಹಕ್ಕಿನಲ್ಲಿ ಘನತೆಯಿಂದ ಸಾಯುವ ಹಕ್ಕೂ ಅಡಗಿದೆ ಎಂದಿತು. ಮದ್ದು ಕೊಟ್ಟು ಪ್ರಾಣ ತೆಗೆಯುವುದು ಇಂದಿಗೂ ಅಪರಾಧವೇ. ಆದರೆ ಗುಣವಾಗುವ ಆಸೆಯೇ ಇಲ್ಲದಾಗ ಕೃತಕ ಜೀವಾಧಾರ ಬೇಡವೆಂದು ಮೊದಲೇ ಬರೆದಿಡಬಹುದು. ಇದುವೇ ‘ಲಿವಿಂಗ್ ವಿಲ್’.

2023ರ ಜನವರಿಯಲ್ಲಿ ಇದರ ಕ್ರಮ ಸರಳವಾಯಿತು. ಸ್ವಸ್ಥಚಿತ್ತರಾದ ಯಾವ ವಯಸ್ಕರೂ ಇದನ್ನು ಬರೆಯಬಹುದು. ಇಬ್ಬರು ಸಾಕ್ಷಿಗಳ ಎದುರು ಸಹಿ ಹಾಕಿ, ನೋಟರಿ ಅಥವಾ ಗಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿಕೊಂಡರೆ ಸಾಕು. ಮ್ಯಾಜಿಸ್ಟ್ರೇಟರ ಮುಂದೆ ಹೋಗಬೇಕಾಗಿಲ್ಲ. ತನಗೆ ಮಾತಾಡಲಾಗದಾಗ ತನ್ನ ಪರವಾಗಿ ನಿರ್ಧರಿಸುವವರ ಹೆಸರು ಅದರಲ್ಲಿರಬೇಕು. ಮನಸ್ಸು ಬದಲಾದರೆ ಲಿಖಿತವಾಗಿ ಹಿಂತೆಗೆದುಕೊಳ್ಳಬಹುದು. ಪತ್ರವಿದ್ದ ಮಾತ್ರಕ್ಕೆ ಚಿಕಿತ್ಸೆ ನಿಲ್ಲದು. ತಲಾ ಮೂವರು ವೈದ್ಯರ ಎರಡು ಮಂಡಳಿಗಳು ಪರಿಶೀಲಿಸಿ ಒಪ್ಪಬೇಕು.

ಗಡಿನಾಡಿನ ಕುಟುಂಬಗಳಿಗೆ ಇಲ್ಲಿ ಇನ್ನೊಂದು ಎಚ್ಚರವೂ ಬೇಕು. ಕಾಸರಗೋಡಿನ ರೋಗಿ ಚಿಕಿತ್ಸೆಗಾಗಿ ಮಂಗಳೂರಿಗೂ ಹೋಗುತ್ತಾನೆ, ಕಣ್ಣೂರು, ಕೋಝಿಕ್ಕೋಡುಗಳಿಗೂ ಹೋಗುತ್ತಾನೆ. ಕನ್ನಡದಲ್ಲಿ ಬರೆದ ಪತ್ರವನ್ನು ಅಲ್ಲಿಯ ವೈದ್ಯರು ಓದಲಾರದೆ ಹೋಗಬಹುದು. ಆದುದರಿಂದ ಜೊತೆಗೆ ಇಂಗ್ಲಿಷ್ ಅಥವಾ ಮಲಯಾಳಂ ಅನುವಾದವನ್ನು ಇರಿಸಿಕೊಳ್ಳುವುದು ಲೇಸು.

ಚಿಕಿತ್ಸೆ ಬೇಡವೆಂದರೆ ಆರೈಕೆ ಬೇಡವೆಂದು ಅರ್ಥವಲ್ಲ. ನೋವನ್ನು ಶಮನಗೊಳಿಸುವ ಪಾಲಿಯೇಟಿವ್ ಆರೈಕೆಗೆ 2008ರಲ್ಲಿಯೇ ಸರಕಾರಿ ನೀತಿ ರೂಪಿಸಿದ ರಾಜ್ಯ ಕೇರಳ. ಇಲ್ಲಿ ಪಂಚಾಯತುಗಳ ಪಾಲಿಯೇಟಿವ್ ದಾದಿಯರು ಹಾಸಿಗೆ ಹಿಡಿದವರ ಮನೆಬಾಗಿಲಿಗೇ ಬರುತ್ತಾರೆ. ನೋವಿಗೆ ಪರಿಹಾರವುಂಟೆಂದು ತಿಳಿದಾಗ ಭಯದ ಅರ್ಧಭಾಗ ಇಳಿಯುತ್ತದೆ. ಉಳಿದರ್ಧ ತನ್ನ ಮಾತಿಗೆ ಬೆಲೆಯಿದೆಯೇ ಎಂಬುದರದು. ಅದಕ್ಕೆ ಉತ್ತರ ಕೊಡಬೇಕಾದವರು ಮನೆಯವರೇ.

ಮುಂದೊಮ್ಮೆ ಅಜ್ಜಿಯೊಬ್ಬರು ‘ನಾನು ಸತ್ತ ಮೇಲೆ’ ಎಂದು ತೊಡಗಿದಾಗ ‘ಬಿಡ್ತು ಅನ್ನಿ’ ಎನ್ನುವ ಬದಲು ‘ಅದಕ್ಕೂ ಮೊದಲು ಏನಾಗಬೇಕು, ಹೇಳಿ ಅಜ್ಜಿ’ ಎಂದು ಕೇಳುವ ಮೊಮ್ಮಗಳಿರಲಿ. ಶಾಲೆಯಲ್ಲಿ ಕಲಿತ ಕನ್ನಡದಲ್ಲಿ ಅವಳೇ ಅದನ್ನು ಬರೆದುಕೊಳ್ಳಬಹುದು.