ನಲವತ್ತು ನಿಮಿಷದ ಅವಕಾಶ: ಹೊಸ ಜಾಝ್ ಬ್ಯಾಂಡ್‌ಗಳ ಶೋಕೇಸ್ ಉತ್ಸವ ನಡೆಯುವ ಬಗೆ

ಹೊಸ ಬ್ಯಾಂಡಿಗೆ ಹೊರ ಊರಲ್ಲಿ ಕಛೇರಿ ಸಿಗಬೇಕಾದರೆ ಅಲ್ಲಿನ ಆಯೋಜಕರು ಅದನ್ನು ಒಮ್ಮೆ ಕೇಳಿರಬೇಕು. ಅವರು ಕೇಳಬೇಕಾದರೆ ಬ್ಯಾಂಡಿಗೆ ಎಲ್ಲೋ ಒಂದು ಕಛೇರಿ ಸಿಕ್ಕಿರಬೇಕು. ಈ ಗಂಟು ಬಿಡಿಸುವುದೇ ಶೋಕೇಸ್ ಉತ್ಸವದ ಕೆಲಸ. ಟಿಕೆಟ್ ಕೊಂಡು ಬರುವ ರಸಿಕರು ಅಲ್ಲೂ ಇರುತ್ತಾರೆ. ಆದರೆ ಬ್ಯಾಂಡಿನ ಕಣ್ಣೆಲ್ಲ ಉತ್ಸವ ನಡೆಸುವವರು, ಕ್ಲಬ್ ಮಾಲೀಕರು, ರೇಡಿಯೊ ನಿರ್ಮಾಪಕರು, ಏಜೆಂಟರು ಕುಳಿತ ಸಾಲುಗಳ ಮೇಲೆ. ಅವರು ತಲೆದೂಗುವುದು ಕಡಿಮೆ. ದನದ ಜಾತ್ರೆಯಲ್ಲಿ ಎತ್ತಿನ ಹಲ್ಲು ಎಣಿಸುವವರ ಹಾಗೆ ನೋಡುತ್ತಾರೆ, ಗುರುತು ಹಾಕಿಕೊಳ್ಳುತ್ತಾರೆ, ಮುಂದಿನ ವೇದಿಕೆಗೆ ನಡೆಯುತ್ತಾರೆ.

ಇಂಥ ಉತ್ಸವಗಳಲ್ಲಿ ನನಗೆ ಹೆಚ್ಚು ಹಿಡಿಸಿದ ವ್ಯವಸ್ಥೆ 'ಟ್ವೆಲ್ವ್ ಪಾಯಿಂಟ್ಸ್'ನದು. ಐರ್ಲೆಂಡಿನ ಇಂಪ್ರೊವೈಸ್ಡ್ ಮ್ಯೂಸಿಕ್ ಕಂಪನಿ ಎಂಬ ಸಂಸ್ಥೆ 2007ರಲ್ಲಿ ಡಬ್ಲಿನ್‌ನಲ್ಲಿ ಇದನ್ನು ಶುರು ಮಾಡಿತು. ಯುರೋಪಿನ 12 ಊರುಗಳಿಂದ 12 ಯುವ ಬ್ಯಾಂಡ್‌ಗಳು, ನಾಲ್ಕು ರಾತ್ರಿ, ರಾತ್ರಿಗೆ ಮೂರು ಬ್ಯಾಂಡ್. ಒಂದೊಂದು ಊರಿಗೆ ಒಂದೇ ಬ್ಯಾಂಡ್ ಆದ್ದರಿಂದ ಜಾಝ್ ಬೇರೂರಿದ ದೊಡ್ಡ ನಗರಗಳು ಇಡೀ ಪಟ್ಟಿಯನ್ನು ನುಂಗಿಹಾಕುವಂತಿರಲಿಲ್ಲ. ಒಂದು ವರ್ಷ ಡಬ್ಲಿನ್, ಮರುವರ್ಷ ಬೇರೊಂದು ಊರು ಎಂಬ ಸರದಿಯೂ ಬಂತು: 2010ರಲ್ಲಿ ನಾರ್ವೆಯ ಸ್ಟವಾಂಗರ್, 2012ರಲ್ಲಿ ಪೋರ್ಚುಗಲ್‌ನ ಪೋರ್ಟೊ, 2016ರಲ್ಲಿ ಸ್ಪೇನಿನ ಸ್ಯಾನ್ ಸೆಬಾಸ್ಟಿಯನ್. ಹೀಗೆ ತಿರುಗಿದಾಗ ಬ್ಯಾಂಡ್‌ಗಳನ್ನು ಕೇಳುವ ಆಯೋಜಕರ ಗುಂಪೂ ಬದಲಾಗುತ್ತಿತ್ತು.

ಅಲ್ಲಿ ಬಹುಮಾನವಿರಲಿಲ್ಲ, ಅಂಕವೂ ಇರಲಿಲ್ಲ. ಇದು ಸಣ್ಣ ವಿಷಯವಲ್ಲ. ಅಮೆರಿಕದಲ್ಲಿ ಥೆಲೋನಿಯಸ್ ಮಂಕ್ ಹೆಸರಿನ ಸಂಸ್ಥೆ 1987ರಿಂದ ನಡೆಸಿದ ಸ್ಪರ್ಧೆ ದೊಡ್ಡ ಕಲಾವಿದರನ್ನು ಬೆಳಕಿಗೆ ತಂದಿದೆ. 1991ರಲ್ಲಿ ಗೆದ್ದ ಸ್ಯಾಕ್ಸೊಫೋನ್ ವಾದಕ ಜೋಶುವಾ ರೆಡ್‌ಮನ್ ಅವರೇ ಸಾಕ್ಷಿ. ಆದರೆ ಅದು ಒಬ್ಬೊಬ್ಬರ ಸ್ಪರ್ಧೆ. ಬ್ಯಾಂಡಿನ ಗುಣ ಇರುವುದು ನಾಲ್ಕೈದು ಜನ ಒಬ್ಬರ ಮಾತನ್ನು ಇನ್ನೊಬ್ಬರು ಕೇಳಿಸಿಕೊಂಡು ಉತ್ತರ ಕೊಡುವುದರಲ್ಲಿ. ಅದಕ್ಕೆ ಅಂಕ ಹಾಕಲು ಹೊರಟರೆ ಎಲ್ಲರೂ ಸೋಲೊ ಹೊಡೆತಕ್ಕೇ ಇಳಿಯುತ್ತಾರೆ.

ಇನ್ನು ವೇದಿಕೆಯ ಹಿಂದಿನ ಕೆಲಸ. ಒಂದೇ ಸಂಜೆ ಮೂರು ನಾಲ್ಕು ಬ್ಯಾಂಡ್ ಬಂದರೆ ಡ್ರಮ್ ಸೆಟ್, ಪಿಯಾನೊ, ಆಂಪ್ಲಿಫೈಯರ್‌ಗಳನ್ನು ಉತ್ಸವವೇ ಇಡುತ್ತದೆ. ಎಲ್ಲರೂ ಅದನ್ನೇ ಬಳಸಬೇಕು. ಡ್ರಮ್ಮರ್ ತನ್ನ ಸಿಂಬಲ್, ಕಡ್ಡಿ ಮಾತ್ರ ತರುತ್ತಾನೆ. ಯಾರು ಎಲ್ಲಿ ನಿಲ್ಲುತ್ತಾರೆ, ಎಷ್ಟು ಮೈಕ್ ಬೇಕು ಎಂಬ ನಕ್ಷೆಯನ್ನು ಬ್ಯಾಂಡ್ ಮೊದಲೇ ಕಳಿಸಿರಬೇಕು. ಸೌಂಡ್ ಚೆಕ್ ಸಾಮಾನ್ಯವಾಗಿ ಹಿಂದುಮುಂದಾಗಿ ನಡೆಯುತ್ತದೆ. ಕೊನೆಗೆ ನುಡಿಸುವ ಬ್ಯಾಂಡಿಗೆ ಮೊದಲ ಚೆಕ್, ಮೊದಲು ನುಡಿಸುವವರಿಗೆ ಕೊನೆಯದು. ಮೊದಲ ಬ್ಯಾಂಡಿನ ಜೋಡಣೆ ವೇದಿಕೆಯ ಮೇಲೆ ಹಾಗೇ ಉಳಿದು, ಪರದೆ ಏಳುವ ಹೊತ್ತಿಗೆ ತಡವಾಗದಿರಲಿ ಎಂದು. ಹೊಸಬರು ಎಡವುವುದು ಸಮಯದ ಲೆಕ್ಕದಲ್ಲಿ: ಎರಡು ಗಂಟೆಯ ಕಛೇರಿಯನ್ನು ತಮಗೆ ಸಿಗುವ ನಲವತ್ತು ನಿಮಿಷಕ್ಕೆ ತುರುಕಲು ನೋಡುತ್ತಾರೆ. ಮೂರು ಒಳ್ಳೆಯ ಸ್ವಂತ ರಚನೆಗಳು ಸಾಕು. ಬ್ಯಾಂಡಿನ ದನಿ ಮೊದಲ ರಚನೆಯಲ್ಲೇ ಗೊತ್ತಾಗಬೇಕು, ಏಕೆಂದರೆ ಹಿಂದಿನ ಸಾಲಿನ ಕೆಲವರು ಎರಡನೆಯದಕ್ಕೆ ಎದ್ದುಹೋಗಿರುತ್ತಾರೆ.

ಇದೇ ಕೆಲಸವನ್ನು ದೊಡ್ಡ ಪ್ರಮಾಣದಲ್ಲಿ ಮಾಡುವುದು ಜರ್ಮನಿಯ ಬ್ರೆಮೆನ್‌ನಲ್ಲಿ 2006ರಿಂದ ನಡೆಯುತ್ತಿರುವ 'ಜಾಝ್‌ಅಹೆಡ್'. ಅದು ಉತ್ಸವವೂ ಹೌದು, ವ್ಯಾಪಾರ ಮೇಳವೂ ಹೌದು. ಹಗಲು ಮೇಳದ ಸಭಾಂಗಣದಲ್ಲಿ ದೇಶದೇಶಗಳ ಸಂಗೀತ ಸಂಸ್ಥೆಗಳ ಮಳಿಗೆ. ಜತೆಗೆ ತೀರ್ಪುಗಾರರು ಆರಿಸಿದ ಬ್ಯಾಂಡ್‌ಗಳ ಚಿಕ್ಕ ಕಛೇರಿಗಳು. ನ್ಯೂಯಾರ್ಕ್‌ನ 'ವಿಂಟರ್ ಜಾಝ್‌ಫೆಸ್ಟ್' ಇನ್ನೊಂದು ದಾರಿ ಹಿಡಿಯಿತು. ದೇಶದ ಕಾರ್ಯಕ್ರಮ ಆಯೋಜಕರೆಲ್ಲ ಜನವರಿಯಲ್ಲಿ ಸಮ್ಮೇಳನಕ್ಕೆಂದು ಆ ನಗರಕ್ಕೆ ಬರುತ್ತಾರೆ. 2005ರಲ್ಲಿ ಆ ದಿನಗಳಿಗೇ ಹೊಂದಿಸಿ ಇದನ್ನು ಆರಂಭಿಸಿದರು. ಚಳಿಯಲ್ಲಿ ಉತ್ಸವ ಯಾಕೆ ಎಂದು ಕೇಳುವವರಿಗೆ ಇದೇ ಉತ್ತರ.

ಹಣದ ಮಾತು ಅಷ್ಟು ಸಿಹಿಯಲ್ಲ. ಶೋಕೇಸ್‌ಗಳಲ್ಲಿ ಸಂಭಾವನೆ ಕಡಿಮೆ, ಕೆಲವು ಕಡೆ ಏನೂ ಇಲ್ಲ. ಪ್ರಯಾಣದ ಖರ್ಚನ್ನು ಯುರೋಪಿನ ಬಹಳಷ್ಟು ಬ್ಯಾಂಡ್‌ಗಳಿಗೆ ಅವರ ದೇಶದ ಕಲಾ ಮಂಡಳಿಗಳೇ ಕೊಡುತ್ತವೆ. ಆ ಆಸರೆ ಇಲ್ಲದವರು ಕೈಯಿಂದ ಹಾಕಬೇಕು. ಹಾಗಾಗಿ ಪ್ರತಿಭೆ ಒಂದೇ ಅಳತೆ ಎಂದು ನಾನು ನಂಬುವುದಿಲ್ಲ. ವಿಮಾನದ ಟಿಕೆಟ್ ಕೊಡುವ ಸರ್ಕಾರವೂ ಒಂದು ಅಳತೆಯೇ.

ಕನ್ನಡ ನೆಲಕ್ಕೆ ಜಾಝ್ ಲೋಕ ಹೊಸದಲ್ಲ. ಟಿ.ಎ.ಎಸ್. ಮಣಿ, ಆರ್.ಎ. ರಮಾಮಣಿ ಅವರ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ತಂಡ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಜತೆ ಮಾಡಿದ 'ಜ್ಯೋತಿ' ಧ್ವನಿಮುದ್ರಿಕೆ 1983ರಲ್ಲೇ ಜರ್ಮನಿಯ ಇಸಿಎಂ ಕಂಪನಿಯಿಂದ ಹೊರಬಂತು. ಇಂದಿನ ಬೆಂಗಳೂರಿನ ಯುವ ಬ್ಯಾಂಡ್‌ಗಳು ಶೋಕೇಸ್‌ಗಳಿಗೆ ಅರ್ಜಿ ಹಾಕುವುದಾದರೆ ಸ್ಟುಡಿಯೊದಲ್ಲಿ ತಿದ್ದಿ ತೀಡಿದ ಹಾಡಿನ ಬದಲು ವೇದಿಕೆಯ ಮೇಲೆ ನುಡಿಸಿದ, ಕತ್ತರಿ ಹಾಕದ ಒಂದು ವಿಡಿಯೊ ಕಳಿಸಲಿ. ಅರ್ಜಿಯ ಗಡುವು ಉತ್ಸವಕ್ಕಿಂತ ಎಷ್ಟೋ ತಿಂಗಳು ಮೊದಲೇ ಮುಗಿಯುತ್ತದೆ. ಆಯ್ಕೆಯಾದ ಮೇಲೆ ವೀಸಾಕ್ಕೂ ಸಮಯ ಬೇಕು.