ಗುಳಿಗಿ ಸ್ಟ್ರಿಪ್ಪಿನ ಕೆಂಪು ಗೆರೆ

ಕಲಬುರಗಿಯ ಸ್ಟೇಶನ್ ಬಜಾರದಲ್ಲಿ ಔಷಧಿ ಅಂಗಡಿ ಎಲ್ಲಿದೆ ಎಂದು ಯಾರೂ ಕೇಳುವುದಿಲ್ಲ, 'ಮೆಡಿಕಲ್ ಎಲ್ಲದರಿ' ಎಂದೇ ಕೇಳುತ್ತಾರೆ. ಬೋರ್ಡಿನ ಮೇಲೆ ಕನ್ನಡ, ಇಂಗ್ಲಿಷ್, ಕೆಲವೆಡೆ ಉರ್ದು. ಯಾವುದೂ ಓದಲು ಬಾರದವರಿಗೆ ಶಿಲುಬೆಯ ಗುರುತೇ ದಾರಿ ತೋರುತ್ತದೆ. ಆ ಶಿಲುಬೆಯ ಬಣ್ಣ ಯಾವುದು ಎಂಬುದು ಮಾತ್ರ ಸಣ್ಣ ವಿಷಯವಲ್ಲ.

ಬಿಳಿ ನೆಲದ ಮೇಲಿನ ಕೆಂಪು ಶಿಲುಬೆ ಔಷಧಿಯ ಗುರುತೇ ಅಲ್ಲ. ರಣರಂಗದಲ್ಲಿ ಗಾಯಾಳುಗಳ ಆರೈಕೆ ಮಾಡುವವರಿಗಾಗಿ 1864ರ ಜಿನೀವಾ ಒಪ್ಪಂದದಲ್ಲಿ ಗೊತ್ತುಮಾಡಿದ ಚಿಹ್ನೆ ಅದು. ಸ್ವಿಟ್ಜರ್ಲೆಂಡಿನ ಧ್ವಜದ ಬಣ್ಣಗಳನ್ನು ಅದಲುಬದಲು ಮಾಡಿದರೆ ಸಿಗುವ ರೂಪ. ಇಲ್ಲಿ ಗುಂಡು ಹಾರಿಸಬೇಡಿ ಎಂದು ಸೈನಿಕನಿಗೆ ಹೇಳುವುದು ಅದರ ಕೆಲಸ. ನಮ್ಮ ದೇಶದಲ್ಲಿ 1960ರ ಜಿನೀವಾ ಒಪ್ಪಂದಗಳ ಕಾಯ್ದೆ ಪ್ರಕಾರ, ಕೇಂದ್ರ ಸರ್ಕಾರದ ಒಪ್ಪಿಗೆ ಇಲ್ಲದೆ ಕೆಂಪು ಶಿಲುಬೆಯನ್ನಾಗಲಿ, ಕೆಂಪು ಅರ್ಧಚಂದ್ರವನ್ನಾಗಲಿ ವ್ಯಾಪಾರಕ್ಕೆ ಬಳಸುವಂತಿಲ್ಲ. ಕಂಡಕಂಡಲ್ಲಿ ಬಳಸಿದರೆ ಆ ಚಿಹ್ನೆಯ ಮೇಲಿನ ನಂಬಿಕೆ ಸವೆಯುತ್ತದೆ, ಅದರ ಬೆಲೆಯನ್ನು ಯುದ್ಧಭೂಮಿಯ ಡಾಕ್ಟರು ತೆರಬೇಕಾಗುತ್ತದೆ. ಯುರೋಪಿನ ಅನೇಕ ದೇಶಗಳಲ್ಲಿ ಔಷಧಿ ಅಂಗಡಿಗೆ ಹಸಿರು ಶಿಲುಬೆ ಇರುತ್ತದೆ. ನಮ್ಮಲ್ಲೂ ಅದೇ ಸರಿ. ಒಂದು ಸಣ್ಣ ಡಬ್ಬಿ ಹಸಿರು ಬಣ್ಣದ ಖರ್ಚು ಅಷ್ಟೆ.

ಬಟ್ಟಲಿಗೆ ಹಾವು ಸುತ್ತಿಕೊಂಡ ಚಿತ್ರ ಫಾರ್ಮಸಿಯವರದು. ಗ್ರೀಕರ ಆರೋಗ್ಯದೇವತೆ ಹೈಜಿಯಾಳ ಬಟ್ಟಲು ಅದು. ಅವಳ ತಂದೆ ಅಸ್ಕ್ಲೀಪಿಯಸ್‌ನ ಕೋಲಿಗೆ ಒಂದೇ ಹಾವು. ಅದು ವೈದ್ಯರ ಗುರುತು. ಎರಡು ಹಾವು, ಮೇಲೆ ರೆಕ್ಕೆ ಇದ್ದರೆ ಅದು ವ್ಯಾಪಾರದ ದೇವತೆ ಹರ್ಮಿಸನ ಕೋಲು. ಎಷ್ಟೋ ಆಸ್ಪತ್ರೆಗಳು ಅದನ್ನೇ ವೈದ್ಯಕೀಯದ್ದೆಂದು ಹಾಕಿಕೊಂಡಿವೆ.

ಇವೆಲ್ಲ ಅಂಗಡಿಯ ಹೊರಗಿನ ಮಾತು. ಜೀವಕ್ಕೆ ಸಂಬಂಧಿಸಿದ ಗುರುತು ಇರುವುದು ಕೈಗೆ ಬರುವ ಸ್ಟ್ರಿಪ್ಪಿನ ಮೇಲೆ. ಸೆಫಿಕ್ಸಿಮ್ ಎಂಬ ಆ್ಯಂಟಿಬಯೋಟಿಕ್ಕಿನ ಸ್ಟ್ರಿಪ್ಪನ್ನು ತಿರುಗಿಸಿ ನೋಡಿ. ಮೇಲೆ ಎಡಮೂಲೆಯಲ್ಲಿ ಕೆಂಪಕ್ಷರದ 'ಆರ್‌ಎಕ್ಸ್', ಎಡಬದಿಗೆ ಉದ್ದಕ್ಕೆ ಇಳಿದ ಕೆಂಪು ಗೆರೆ, ಕೆಂಪು ಚೌಕಟ್ಟಿನೊಳಗೆ ಎಚ್ಚರಿಕೆ. ಡಾಕ್ಟರ ಚೀಟಿ ಇಲ್ಲದೆ ಇದನ್ನು ಮಾರುವಂತಿಲ್ಲ, ವೈದ್ಯರ ಸಲಹೆ ಇಲ್ಲದೆ ನುಂಗುವುದು ಅಪಾಯ ಎಂದು ಅಲ್ಲಿ ಬರೆದಿರುತ್ತದೆ. ಮಾದಕ ಗುಣದ ಔಷಧಿಯಾದರೆ ಆರ್‌ಎಕ್ಸ್‌ನ ಹಿಂದೆ 'ಎನ್' ಸೇರಿ 'ಎನ್‌ಆರ್‌ಎಕ್ಸ್' ಆಗುತ್ತದೆ.

ಚೌಕಟ್ಟು, ಕೆಂಪಕ್ಷರಗಳು ಬಂದದ್ದು 2014ರ ಮಾರ್ಚ್‌ನಲ್ಲಿ ಜಾರಿಯಾದ ಶೆಡ್ಯೂಲ್ ಎಚ್1 ಎಂಬ ಔಷಧಿ ಪಟ್ಟಿಯಿಂದ. ಕ್ಷಯದ ಔಷಧಿಗಳು, ಬಲವಾದ ಆ್ಯಂಟಿಬಯೋಟಿಕ್‌ಗಳು, ಕೆಲವು ನಿದ್ದೆಗುಳಿಗಿಗಳು ಆ ಪಟ್ಟಿಯಲ್ಲಿವೆ. ಕೆಂಪು ಗೆರೆಯ ಅರ್ಥವನ್ನು ಜನರಿಗೆ ತಿಳಿಸಲು ಕೇಂದ್ರ ಆರೋಗ್ಯ ಸಚಿವಾಲಯ 2016ರಲ್ಲಿ ಪ್ರಚಾರವನ್ನೂ ನಡೆಸಿತು. ಕಾರಣ ಇಷ್ಟೇ: ಬೇಕಿಲ್ಲದಾಗ ಆ್ಯಂಟಿಬಯೋಟಿಕ್ ನುಂಗಿದಾಗಲೆಲ್ಲ ಅದಕ್ಕೆ ಜಗ್ಗುವ ಬ್ಯಾಕ್ಟೀರಿಯಾ ಸಾಯುತ್ತವೆ, ಜಗ್ಗದವು ಉಳಿದು ಮರಿಮಾಡುತ್ತವೆ. ನೆಗಡಿ ವೈರಸ್ಸಿನಿಂದ ಬರುವಂಥದ್ದು, ಅದಕ್ಕೆ ಈ ಗುಳಿಗಿಯಿಂದ ಏನೂ ಆಗುವುದಿಲ್ಲ. ಮುಂದೆ ನಿಜವಾದ ಸೋಂಕು ತಗಲಿದಾಗ ಮಾತ್ರ ಅದೇ ಔಷಧಿ ಕೈಕೊಡುತ್ತದೆ.

ಎಚ್1 ಔಷಧಿ ಮಾರಿದರೆ ಚೀಟಿ ಬರೆದ ಡಾಕ್ಟರ ಹೆಸರು ವಿಳಾಸ, ರೋಗಿಯ ಹೆಸರು, ಔಷಧಿ, ಎಷ್ಟು ಕೊಟ್ಟದ್ದು ಎಲ್ಲವನ್ನೂ ಅಂಗಡಿಯವರು ಬೇರೆ ರಿಜಿಸ್ಟರಿನಲ್ಲಿ ಬರೆದು 3 ವರ್ಷ ಕಾಪಾಡಬೇಕು. ನಮ್ಮ ಕಡೆ 'ಎರಡೇ ಗುಳಿಗಿ ಕೊಡ್ರಿ, ಸಾಕು' ಎನ್ನುವವರೇ ಹೆಚ್ಚು. ಕತ್ತರಿ ಆಡಿದಾಗ ಆರ್‌ಎಕ್ಸ್, ಎಚ್ಚರಿಕೆ, ಬ್ಯಾಚ್ ಸಂಖ್ಯೆ, ಅವಧಿ ಮುಗಿಯುವ ತಾರೀಖು ಎಲ್ಲವೂ ಅಂಗಡಿಯಲ್ಲೇ ಉಳಿದು, ಹೆಸರಿಲ್ಲದ ತುಂಡು ಮನೆಗೆ ಬರುತ್ತದೆ. ಹಾಗೆ ಕತ್ತರಿಸುವ ಮೊದಲೇ ಇಡೀ ಸ್ಟ್ರಿಪ್ಪಿನ ಹಿಂಬದಿಯನ್ನು ಫೋನಿನಲ್ಲಿ ಫೋಟೊ ತೆಗೆದುಕೊಳ್ಳಿ, ಬಿಲ್ ಕೇಳಿ, ಅದರಲ್ಲಿ ಬ್ಯಾಚ್ ಸಂಖ್ಯೆ ಇದೆಯೇ ನೋಡಿ.